ಎಲ್ಲರ ಮಕ್ಕಳಿಗೂ ಒಂದು ಕಾಲೇಜು

ಮೇ ತಿಂಗಳು ಬಂತೆಂದರೆ ಈ ಅಂಕಣಕ್ಕೆ ಬರುವ ಪತ್ರಗಳ ಧಾಟಿಯೇ ಬದಲಾಗುತ್ತದೆ. ಬೇರೆ ತಿಂಗಳುಗಳಲ್ಲಿ ನಕ್ಷತ್ರ ಯಾಕೆ ಮಿನುಗುತ್ತದೆ, ಇರುವೆ ಯಾಕೆ ಸಾಲು ಹಿಡಿದು ಹೋಗುತ್ತದೆ ಎಂದು ಕೇಳುವ ಮಕ್ಕಳು ಈಗ ಕಾಲೇಜಿನ ವಿಚಾರ ಎತ್ತುತ್ತಾರೆ. ಅವರ ಪತ್ರದ ಕೆಳಗೆ ಅಪ್ಪನೋ ಅಮ್ಮನೋ ತಮ್ಮದೂ ಎರಡು ಸಾಲು ಸೇರಿಸಿರುತ್ತಾರೆ. ಈ ಸಲ ಹತ್ತನೇ ತರಗತಿ ಮುಗಿಸಿದ ಹುಡುಗಿಯೊಬ್ಬಳು ನೇರವಾಗಿಯೇ ಕೇಳಿದ್ದಾಳೆ: "ದೊಡ್ಡ ದೊಡ್ಡ ವಿಜ್ಞಾನಿಗಳೆಲ್ಲ ತುಂಬಾ ಫೀಸು ಇರುವ ಕಾಲೇಜಿನಲ್ಲೇ ಓದಿದವರಾ? ಸರ್ಕಾರಿ ಕಾಲೇಜಿನಲ್ಲಿ ಓದಿದರೆ ಅಷ್ಟು ಮೇಲಕ್ಕೆ ಹೋಗೋಕೆ ಆಗಲ್ವಾ?"

ಮಗೂ, "ಯಾಕಾಗಲ್ಲ, ಖಂಡಿತ ಆಗುತ್ತೆ" ಎಂದು ಒಂದೇ ಸಾಲು ಬರೆದು ನಾನು ಕೈತೊಳೆದುಕೊಳ್ಳಬಹುದಿತ್ತು. ಆದರೆ ನೀನು ಕೇಳಿದ ಪ್ರಶ್ನೆಯನ್ನು ಬಹಳ ಹಿಂದೆಯೇ ಒಂದು ಊರು ತನಗೆ ತಾನೇ ಕೇಳಿಕೊಂಡಿತ್ತು. ಅದಕ್ಕೆ ಉತ್ತರವಾಗಿ ಒಂದು ಕಾಲೇಜನ್ನೂ ಕಟ್ಟಿತು. ಆ ಊರು ಅಮೆರಿಕದ ನ್ಯೂಯಾರ್ಕ್. ಆ ಕಾಲೇಜು ಬೆಳೆದು ಈಗ 'ಸಿಟಿ ಯೂನಿವರ್ಸಿಟಿ ಆಫ್ ನ್ಯೂಯಾರ್ಕ್' ಆಗಿದೆ. ಊರಿನ ಜನ ಚುಟುಕಾಗಿ 'ಕ್ಯೂನಿ' ಎನ್ನುತ್ತಾರೆ. ಈ ವಾರ ಅದರ ಕತೆ ಹೇಳುತ್ತೇನೆ. ಹೆಮ್ಮೆ ಪಡುವಂಥ ಸಂಗತಿಗಳು ಇದರಲ್ಲಿ ತುಂಬಾ ಇವೆ, ಬೇಸರದ ಸಂಗತಿಗಳೂ ಇವೆ. ನಿನ್ನ ಪ್ರಶ್ನೆಗೆ ಎರಡೂ ಬೇಕು.

ಪಿಂಗಾಣಿ ವ್ಯಾಪಾರಿಯ ಆಸೆ

ಟೌನ್‌ಸೆಂಡ್ ಹ್ಯಾರಿಸ್ ಎಂಬ ವ್ಯಾಪಾರಿ ಒಬ್ಬರಿದ್ದರು. ಹೊರದೇಶದಿಂದ ಪಿಂಗಾಣಿ ಪಾತ್ರೆ ತರಿಸಿ ಮಾರುವುದು ಅವರ ಮನೆತನದ ಕಸುಬು. ಹದಿಮೂರನೇ ವಯಸ್ಸಿಗೇ ಹಳ್ಳಿ ಬಿಟ್ಟು ನ್ಯೂಯಾರ್ಕಿಗೆ ಬಂದು ದುಡಿಯಲು ನಿಂತವರು. ಕಾಲೇಜಿನ ಮುಖ ಕಾಣಲಿಲ್ಲ. ಆದರೆ ಓದಿನ ಹಸಿವು ಬಿಡಲಿಲ್ಲ. ಅಂಗಡಿ ಕೆಲಸದ ನಡುವೆಯೇ ಫ್ರೆಂಚ್, ಇಟಾಲಿಯನ್, ಸ್ಪ್ಯಾನಿಷ್ ಭಾಷೆಗಳನ್ನು ತಾವಾಗಿಯೇ ಕಲಿತರು. ಮುಂದೆ ನಗರದ ಶಿಕ್ಷಣ ಮಂಡಳಿಯ ಅಧ್ಯಕ್ಷರೂ ಆದರು.

ಆಗ ನ್ಯೂಯಾರ್ಕಿನಲ್ಲಿ ಕಾಲೇಜುಗಳು ಇರಲಿಲ್ಲವೆಂದಲ್ಲ. ಇದ್ದವು, ಆದರೆ ಅವು ಹಣವಂತರ ಮಕ್ಕಳಿಗೆ. ಹಡಗುಕಟ್ಟೆಯ ಹಮಾಲಿಯ ಮಗ, ಬಡಗಿಯ ಮಗ, ದರ್ಜಿಯ ಮಗ ಶಾಲೆಯಲ್ಲಿ ಎಷ್ಟೇ ಜಾಣನಾದರೂ ಅವನ ಓದು ಅಲ್ಲಿಗೇ ಮುಗಿಯುತ್ತಿತ್ತು. ನಗರವೇ ತನ್ನ ಖರ್ಚಿನಲ್ಲಿ ಒಂದು ಕಾಲೇಜು ನಡೆಸಬೇಕು, ಅಲ್ಲಿ ಬಡವರ ಮಕ್ಕಳೂ ಶ್ರೀಮಂತರ ಮಕ್ಕಳೂ ಒಂದೇ ಬೆಂಚಿನಲ್ಲಿ ಕೂರಬೇಕು, ಯಾರು ಹೆಚ್ಚು ಯಾರು ಕಡಿಮೆ ಎಂಬುದು ಅವರ ಶ್ರಮ, ನಡತೆ ಮತ್ತು ಬುದ್ಧಿಯಿಂದ ಮಾತ್ರ ತೀರ್ಮಾನವಾಗಬೇಕು ಎಂದು ಹ್ಯಾರಿಸ್ ವಾದಿಸಿದರು.

ವಿರೋಧ ಬಾರದೆ ಇರುತ್ತದೆಯೇ? ಇನ್ನೊಬ್ಬರ ಮಕ್ಕಳ ಕಾಲೇಜಿಗೆ ನಾವೇಕೆ ತೆರಿಗೆ ಕಟ್ಟಬೇಕು ಎಂದು ಕೇಳಿದವರಿದ್ದರು. ಕೂಲಿಯವರ ಮಕ್ಕಳಿಗೆ ಕಾಲೇಜು ಓದು ಯಾಕೆ ಎಂದವರೂ ಇದ್ದರು. ಕೊನೆಗೆ ಮಾತನ್ನು ಜನರ ಮುಂದೆಯೇ ಇಟ್ಟರು. 1847ರಲ್ಲಿ ಈ ಒಂದೇ ವಿಷಯಕ್ಕೆ ಮತದಾನ ನಡೆಯಿತು. ಕಾಲೇಜು ಬೇಕು ಎಂದವರು 19 ಸಾವಿರಕ್ಕೂ ಹೆಚ್ಚು. ಬೇಡ ಎಂದವರು ಮೂರೂವರೆ ಸಾವಿರವನ್ನೂ ಮುಟ್ಟಲಿಲ್ಲ.

ನನಗೆ ಈ ಕತೆಯಲ್ಲಿ ಬಹಳ ಇಷ್ಟವಾಗುವುದು ಈ ಮತದಾನವೇ. ಕಾಲೇಜು ಕಟ್ಟಿಸಿದ ರಾಜರ ಕತೆ ನಮಗೆ ಗೊತ್ತು, ದಾನಿಗಳ ಕತೆಯೂ ಗೊತ್ತು. ಇಲ್ಲಿ ಊರಿನ ಸಾಮಾನ್ಯ ಮತದಾರರೇ ಸಾಲಿನಲ್ಲಿ ನಿಂತು, ಮುಂದೆ ಹುಟ್ಟಲಿರುವ, ತಾವು ಕಾಣದ ಮಕ್ಕಳಿಗಾಗಿ ತಮ್ಮ ಕಿಸೆಯಿಂದ ಹಣ ಕೊಡಲು ಒಪ್ಪಿದರು. ಆ ಕಾಲದಲ್ಲಿ ಹೆಂಗಸರಿಗೆ ಮತದ ಹಕ್ಕು ಇರಲಿಲ್ಲ ಎಂಬುದನ್ನೂ ನೆನಪಿಡಿ. ಅದರ ಪರಿಣಾಮ ಮುಂದೆ ಕಾಣುತ್ತದೆ.

1849ರ ಜನವರಿಯಲ್ಲಿ 'ಫ್ರೀ ಅಕಾಡೆಮಿ' ಎಂಬ ಹೆಸರಿನಲ್ಲಿ ಕಾಲೇಜು ಬಾಗಿಲು ತೆರೆಯಿತು. ಸೇರಲು ಪ್ರವೇಶ ಪರೀಕ್ಷೆ ಇತ್ತು, ಫೀಸು ಇರಲಿಲ್ಲ. ಮುಂದೆ ಇದೇ 'ಸಿಟಿ ಕಾಲೇಜ್' ಆಯಿತು. ಹ್ಯಾರಿಸ್ ಅವರು ಆಮೇಲೆ ಜಪಾನಿಗೆ ಅಮೆರಿಕದ ಮೊದಲ ಕಾನ್ಸುಲ್ ಜನರಲ್ ಆಗಿ ಹೋದರು. ಜಪಾನಿನ ಚರಿತ್ರೆಯ ಪುಸ್ತಕಗಳಲ್ಲಿ ಅವರ ಹೆಸರು ಬರುವುದು ಆ ಕಾರಣಕ್ಕೆ.

ಹೆಣ್ಣುಮಕ್ಕಳು ಎಲ್ಲಿ?

'ಎಲ್ಲರ ಮಕ್ಕಳು' ಎಂದು ಹೇಳಿದ್ದರಲ್ಲ, ಆ ಎಲ್ಲರಲ್ಲಿ ಹೆಣ್ಣುಮಕ್ಕಳು ಸೇರಿರಲಿಲ್ಲ. ಫ್ರೀ ಅಕಾಡೆಮಿ ಗಂಡುಹುಡುಗರಿಗೆ ಮಾತ್ರ. ಹೆಣ್ಣುಮಕ್ಕಳಿಗಾಗಿ ನಗರ ಬೇರೊಂದು ಕಾಲೇಜು ತೆರೆದದ್ದು 1870ರಲ್ಲಿ, ಅಂದರೆ ಇಪ್ಪತ್ತೊಂದು ವರ್ಷ ತಡವಾಗಿ. ಶಿಕ್ಷಕಿಯರನ್ನು ತಯಾರು ಮಾಡುವುದು ಅದರ ಉದ್ದೇಶ. ಐರ್ಲೆಂಡಿನಿಂದ ವಲಸೆ ಬಂದಿದ್ದ ಥಾಮಸ್ ಹಂಟರ್ ಅದನ್ನು ಕಟ್ಟಿ ಬೆಳೆಸಿದವರು. ಮೊದಲಿಗೆ ಸ್ವಂತ ಕಟ್ಟಡವೂ ಇರಲಿಲ್ಲ. ಕುದುರೆ ಜೀನು ಮಾರುವ ಅಂಗಡಿಯಿದ್ದ ಕಟ್ಟಡದಲ್ಲಿ ಪಾಠ ಶುರುವಾಯಿತು. ಆದರೆ ಹಂಟರ್ ಒಂದು ವಿಷಯದಲ್ಲಿ ಗಟ್ಟಿಯಾಗಿ ನಿಂತರು. ಪರೀಕ್ಷೆಯಲ್ಲಿ ಗೆದ್ದ ಹುಡುಗಿ ಯಾವ ಬಣ್ಣದವಳು, ಯಾವ ಧರ್ಮದವಳು ಎಂದು ಯಾರೂ ಕೇಳಕೂಡದು ಎಂದರು. ಕರಿಯ ಜನಾಂಗದವರ ಗುಲಾಮಗಿರಿ ಅಮೆರಿಕದಲ್ಲಿ ಕಾನೂನಿನಿಂದ ಕೊನೆಗೊಂಡು ಆಗ ಐದೇ ವರ್ಷವಾಗಿತ್ತು ಎಂದರೆ ಆ ನಿಲುವಿನ ಬೆಲೆ ಗೊತ್ತಾಗುತ್ತದೆ. ಆ ಕಾಲೇಜಿಗೆ ಈಗ ಅವರದೇ ಹೆಸರು: ಹಂಟರ್ ಕಾಲೇಜ್. ಸಿಟಿ ಕಾಲೇಜಿನ ಎಲ್ಲ ವಿಭಾಗಗಳ ಬಾಗಿಲು ಹೆಣ್ಣುಮಕ್ಕಳಿಗೆ ತೆರೆಯಲು 1951 ಬರಬೇಕಾಯಿತು.

ರೈಲಿನ ಸುರಂಗದಿಂದ ಬಂದ ಕಲ್ಲು

ಪುಟ್ಟ ಓದುಗರಿಗೆ ಇಷ್ಟವಾಗುವ ಒಂದು ಸಂಗತಿ ಹೇಳಬೇಕು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಕಾಲೇಜಿಗೆ ಜಾಗ ಸಾಲದಾಯಿತು. ನಗರದ ಉತ್ತರಕ್ಕೆ, ಹಾರ್ಲೆಮ್ ಎಂಬ ಬಡಾವಣೆಯ ಗುಡ್ಡದ ಮೇಲೆ ಹೊಸ ಕಟ್ಟಡ ಕಟ್ಟಲು ನಿಶ್ಚಯಿಸಿದರು. ಅದೇ ಸಮಯಕ್ಕೆ ನ್ಯೂಯಾರ್ಕಿನ ಹೊಟ್ಟೆಯೊಳಗೆ ಸುರಂಗ ಕೊರೆಯುವ ಕೆಲಸ ನಡೆದಿತ್ತು. ನೆಲದಡಿಯ ರೈಲು, ನಮ್ಮ ಮೆಟ್ರೊದಂಥದ್ದು, ಅಲ್ಲಿ 1904ರಲ್ಲೇ ಓಡಲು ಶುರುವಾಯಿತು. ಸುರಂಗ ತೋಡಿದಾಗ ಹೊರಬಂದ ಬಂಡೆಯನ್ನು ಏನು ಮಾಡುವುದು? ಕಾಲೇಜಿನ ಗೋಡೆಗೆ ತಂದರು! ಕಪ್ಪು ಬಣ್ಣದ, ಬಿಸಿಲಿಗೆ ಮಿಣಮಿಣ ಹೊಳೆಯುವ ಕಲ್ಲು ಅದು. ಕಪ್ಪು ಗೋಡೆಗೆ ಬಿಳಿಯ ಟೆರಾಕೋಟಾದ ಅಂಚು ಕಟ್ಟಿದರು. 1907ರಲ್ಲಿ ಕಾಲೇಜು ಅಲ್ಲಿಗೆ ಹೋಯಿತು.

ಆ ಅಂಚುಗಳಲ್ಲಿ ನೂರಾರು ಕುಳ್ಳ ಗೊಂಬೆಗಳಿವೆ. ನಮ್ಮ ದೇವಸ್ಥಾನಗಳ ಗೋಡೆಯಲ್ಲಿ ಯಕ್ಷರು, ಕುಬ್ಜರು ಮುಖ ಕಿವುಚಿಕೊಂಡು ಕುಳಿತಿರುತ್ತಾರಲ್ಲ, ಹಾಗೆ. ಆದರೆ ಇವರು ಪಾಠದಲ್ಲಿ ತೊಡಗಿದ್ದಾರೆ! ಕಟ್ಟಡದೊಳಗೆ ನಡೆಯುವ ಕೆಲಸಕ್ಕೆ ತಕ್ಕಂತೆ ಗೊಂಬೆಗಳೂ ಬೇರೆ ಬೇರೆ. ಒಂದೆಡೆ ಪುಸ್ತಕ ಹಿಡಿದವರು, ಒಂದೆಡೆ ಉಪಕರಣ ಹಿಡಿದವರು, ವ್ಯಾಯಾಮಶಾಲೆಯ ಗೋಡೆಯಲ್ಲಿ ಆಟವಾಡುವವರು.

ಆ ರೈಲಿಗೂ ಕಾಲೇಜಿಗೂ ಕಲ್ಲಿನದಷ್ಟೇ ನಂಟಲ್ಲ. ಹಾಸ್ಟೆಲಿನಲ್ಲಿ ಇದ್ದು ಓದುವಷ್ಟು ಹಣ ಆ ಮಕ್ಕಳಲ್ಲಿ ಇರಲಿಲ್ಲ. ಬೆಳಗ್ಗೆ ಮನೆಯಿಂದ ರೈಲು ಹತ್ತಿ ಬಂದು, ಪಾಠ ಮುಗಿಸಿ, ಸಂಜೆ ರೈಲಿನಲ್ಲೇ ಮನೆಗೋ ಕೆಲಸಕ್ಕೋ ಹೋಗುತ್ತಿದ್ದರು. 1904ರಿಂದ 1948ರವರೆಗೆ ಟಿಕೆಟ್ಟಿನ ದರ ಐದು ಸೆಂಟಿನಿಂದ ಮೇಲೇರಲಿಲ್ಲ. ಫೀಸಿಲ್ಲದ ಕಾಲೇಜಿಗೆ ಈ ಐದು ಸೆಂಟಿನ ರೈಲು ಜೊತೆಯಾಗಿರದಿದ್ದರೆ ಎಷ್ಟು ಮಕ್ಕಳು ಬರುತ್ತಿದ್ದರೋ!

ಆ ಬೆಂಚುಗಳಲ್ಲಿ ಕುಳಿತವರು

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ, ಮಗೂ.

1920, 30ರ ದಶಕದಲ್ಲಿ ಅಮೆರಿಕದ ಹೆಸರಾಂತ ಖಾಸಗಿ ವಿಶ್ವವಿದ್ಯಾಲಯಗಳು ಯಹೂದಿ ಮಕ್ಕಳನ್ನು ಇಷ್ಟಕ್ಕಿಂತ ಹೆಚ್ಚು ಸೇರಿಸುವುದಿಲ್ಲ ಎಂದು ಮಿತಿ ಹಾಕಿಕೊಂಡಿದ್ದವು. ಯುರೋಪಿನಿಂದ ಕೈಬೀಸಿಕೊಂಡು ಬಂದಿದ್ದ ಯಹೂದಿ ಕುಟುಂಬಗಳಿಗೆ ಹಣದ ಅಡ್ಡಿ ಒಂದಾದರೆ ಇದು ಇನ್ನೊಂದು. ಅವರ ಮಕ್ಕಳು ಸಿಟಿ ಕಾಲೇಜಿಗೂ ಹಂಟರ್ ಕಾಲೇಜಿಗೂ ಬಂದರು.

ಜೋನಸ್ ಸಾಕ್ ಅವರಲ್ಲಿ ಒಬ್ಬರು. ತಂದೆ ಸಿದ್ಧ ಉಡುಪಿನ ಉದ್ಯಮದಲ್ಲಿ ದುಡಿಯುತ್ತಿದ್ದರು, ತಾಯಿ ರಷ್ಯಾದಿಂದ ಬಂದವರು. ಹದಿನೈದಕ್ಕೇ ಸಿಟಿ ಕಾಲೇಜು ಸೇರಿದ ಸಾಕ್ 1934ರಲ್ಲಿ ಪದವಿ ಪಡೆದರು. ಮುಂದೆ ಪೋಲಿಯೊ ತಡೆಯುವ ಮೊದಲ ಲಸಿಕೆ ಕಂಡುಹಿಡಿದವರು ಅವರೇ. ನಿಮಗೆಲ್ಲ ಬಾಯಿಗೆ ಹಾಕಿದ ಹನಿಗಳು ಬೇರೊಬ್ಬ ವಿಜ್ಞಾನಿಯ ಕೊಡುಗೆ. ಸಾಕ್ ಅವರದು ಚುಚ್ಚುಮದ್ದು. ಲಸಿಕೆ ಕೆಲಸ ಮಾಡುತ್ತದೆ ಎಂದು 1955ರ ಏಪ್ರಿಲ್ 12ರಂದು ಪ್ರಕಟವಾಯಿತು. ಅದಕ್ಕೆ ಅವರು ಪೇಟೆಂಟ್ ಮಾಡಿಸಿಕೊಳ್ಳಲಿಲ್ಲ. ನಗರದ ಖರ್ಚಿನಲ್ಲಿ ಓದಿದವರು ಆ ಸಾಲವನ್ನು ಇಡೀ ಜಗತ್ತಿಗೆ ತೀರಿಸಿದರು ಎಂದು ನಾನಂತೂ ಅಂದುಕೊಂಡಿದ್ದೇನೆ.

ಗರ್ಟ್ರೂಡ್ ಎಲಿಯನ್ ಕತೆ ಹೆಣ್ಣುಮಕ್ಕಳು ಕೇಳಲೇಬೇಕಾದ್ದು. ತಂದೆ ಹಲ್ಲಿನ ವೈದ್ಯರು, ಚೆನ್ನಾಗಿಯೇ ಇದ್ದ ಮನೆ. 1929ರಲ್ಲಿ ಷೇರು ಮಾರುಕಟ್ಟೆ ಕುಸಿದಾಗ ಕೂಡಿಟ್ಟದ್ದೆಲ್ಲ ಹೋಯಿತು. ಹುಡುಗಿಗೆ ಹದಿನೈದಾದಾಗ ಪ್ರೀತಿಯ ತಾತ ಕ್ಯಾನ್ಸರಿನಿಂದ ಕಣ್ಣೆದುರೇ ನರಳಿ ತೀರಿಕೊಂಡರು. ಈ ಕಾಯಿಲೆಗೆ ಮದ್ದು ಹುಡುಕುವ ಕೆಲಸವನ್ನೇ ಮಾಡುತ್ತೇನೆ ಎಂದು ಅವಳು ಆಗಲೇ ನಿಶ್ಚಯಿಸಿದಳು. ಹಂಟರ್ ಕಾಲೇಜಿನಲ್ಲಿ ಫೀಸಿರಲಿಲ್ಲ, ಹಾಗಾಗಿ ಓದು ನಡೆಯಿತು. 1937ರಲ್ಲಿ ರಸಾಯನಶಾಸ್ತ್ರದಲ್ಲಿ ಉನ್ನತ ದರ್ಜೆಯ ಪದವಿ ಬಂತು, ಕೆಲಸ ಮಾತ್ರ ಸಿಗಲಿಲ್ಲ. ಪ್ರಯೋಗಾಲಯಗಳಿಗೆ ಹೆಂಗಸರು ಬೇಡವಾಗಿತ್ತು. ಸಂಬಳವಿಲ್ಲದೆ ಒಂದು ಪ್ರಯೋಗಾಲಯದಲ್ಲಿ ದುಡಿದರು, ಹೈಸ್ಕೂಲಿನಲ್ಲಿ ಪಾಠ ಹೇಳಿದರು. ಪಿಎಚ್.ಡಿ. ಮುಗಿಸಲು ಆಗಲೇ ಇಲ್ಲ. ಆದರೂ ಮಕ್ಕಳ ರಕ್ತದ ಕ್ಯಾನ್ಸರಿಗೆ ಕೊಡುವ ಮುಖ್ಯ ಔಷಧವೊಂದನ್ನು ಕಂಡುಹಿಡಿದರು. ಅದು ಇವತ್ತಿಗೂ ಬಳಕೆಯಲ್ಲಿದೆ. 1988ರಲ್ಲಿ ನೊಬೆಲ್ ಪ್ರಶಸ್ತಿ ಬಂತು.

ಅದೇ ಹಂಟರ್ ಕಾಲೇಜಿನಲ್ಲಿ 1941ರಲ್ಲಿ ಪದವಿ ಪಡೆದವರು ರೋಸಲಿನ್ ಯಾಲೋ. ಅವರ ತಂದೆತಾಯಿ ಹೈಸ್ಕೂಲಿಗೂ ಹೋದವರಲ್ಲ. ಮನೆಯಲ್ಲಿ ಪುಸ್ತಕ ಇರಲಿಲ್ಲ. ಅಣ್ಣ ವಾರಕ್ಕೊಮ್ಮೆ ಸಾರ್ವಜನಿಕ ಗ್ರಂಥಾಲಯಕ್ಕೆ ಕರೆದೊಯ್ಯುತ್ತಿದ್ದ. ರಕ್ತದಲ್ಲಿ ಅತ್ಯಲ್ಪ ಪ್ರಮಾಣದಲ್ಲಿರುವ ಇನ್ಸುಲಿನ್‌ನಂಥ ಹಾರ್ಮೋನುಗಳನ್ನು ಅಳೆಯುವ ವಿಧಾನವನ್ನು ಅವರು ಸಾಲೊಮನ್ ಬರ್ಸನ್ ಎಂಬ ವೈದ್ಯರ ಜೊತೆ ಸೇರಿ ರೂಪಿಸಿದರು. ಬರ್ಸನ್ ಓದಿದ್ದು ಸಿಟಿ ಕಾಲೇಜಿನಲ್ಲಿ! 1977ರಲ್ಲಿ ಯಾಲೋ ಅವರಿಗೆ ನೊಬೆಲ್ ಬರುವ ಹೊತ್ತಿಗೆ ಬರ್ಸನ್ ತೀರಿಕೊಂಡಿದ್ದರು.

ಇನ್ನೂ ಒಂದು ವಿಚಿತ್ರ ಕೇಳಿ. ಸಿಟಿ ಕಾಲೇಜಿನಲ್ಲಿ 1937ರಲ್ಲಿ ಪದವಿ ಪಡೆದ ಒಂದೇ ತಂಡದಿಂದ ಮೂವರಿಗೆ ಮುಂದೆ ನೊಬೆಲ್ ಬಂತು: ಆರ್ಥರ್ ಕೋರ್ನ್‌ಬರ್ಗ್, ಹರ್ಬರ್ಟ್ ಹಾಪ್ಟ್‌ಮನ್, ಜೆರೋಮ್ ಕಾರ್ಲ್. ಆ ಕಾಲೇಜಿನಲ್ಲಿ ಓದಿ ನೊಬೆಲ್ ಪಡೆದವರ ಒಟ್ಟು ಲೆಕ್ಕ ಹತ್ತು. ಪಾಠದಷ್ಟೇ ಹೆಸರುವಾಸಿ ಅಲ್ಲಿನ ಕ್ಯಾಂಟೀನು. ಗೋಡೆಯ ಒಂದೊಂದು ಮೂಲೆಯಲ್ಲಿ ಒಂದೊಂದು ಗುಂಪು ಕುಳಿತು, ಮನೆಯಿಂದ ತಂದ ಬುತ್ತಿ ತಿನ್ನುತ್ತಾ, ರಾಜಕೀಯದ ಮೇಲೆ ಗಂಟೆಗಟ್ಟಲೆ ವಾದಕ್ಕಿಳಿಯುತ್ತಿತ್ತು.

ಆದ್ದರಿಂದ ಮಗೂ, ನಿನ್ನ ಪ್ರಶ್ನೆಯ ಮೊದಲ ಭಾಗಕ್ಕೆ ಉತ್ತರ ಸಿಕ್ಕಿತಲ್ಲ? ಆದರೆ ಇಲ್ಲಿಗೇ ನಿಲ್ಲಿಸಿದರೆ ನಾನು ನಿನಗೆ ಅರ್ಧ ಕತೆ ಹೇಳಿದಂತಾಗುತ್ತದೆ.

ಬಾಗಿಲಿನ ಅಗಲ ಎಷ್ಟು?

ಸಾಕ್ ಮುಂತಾದವರಿಗೆ ಕಾಲೇಜು ಉಚಿತವಾಗಿತ್ತು, ನಿಜ. ಆದರೆ ಒಳಗೆ ಬರಲು ಅಂಕಗಳ ಜರಡಿ ಬಹಳ ಸಣ್ಣದಿತ್ತು. ಒಳ್ಳೆಯ ಶಾಲೆ ಸಿಕ್ಕ ಬಡಮಕ್ಕಳು ಜರಡಿ ದಾಟಿದರು. ಒಳ್ಳೆಯ ಶಾಲೆಯೇ ಸಿಗದ ಮಕ್ಕಳು?

1937ರಲ್ಲಿ ಹಾರ್ಲೆಮ್‌ನಲ್ಲಿ ಹುಟ್ಟಿದ ಹುಡುಗ ಕಾಲಿನ್ ಪೊವೆಲ್. ತಂದೆತಾಯಿ ಜಮೈಕಾದಿಂದ ವಲಸೆ ಬಂದವರು. ತಾಯಿ ಬಟ್ಟೆ ಹೊಲಿಯುತ್ತಿದ್ದರು. ಖಾಸಗಿ ವಿಶ್ವವಿದ್ಯಾಲಯವೊಂದರಲ್ಲೂ ಸೀಟು ಸಿಕ್ಕಿತ್ತು, ಅಲ್ಲಿ ವರ್ಷಕ್ಕೆ 750 ಡಾಲರ್ ಫೀಸು. ಸಿಟಿ ಕಾಲೇಜಿನಲ್ಲಿ 10 ಡಾಲರ್. ಯಾವುದಕ್ಕೆ ಹೋದರೆಂದು ಹೇಳಬೇಕಾಗಿಲ್ಲ. ಅಂಕಗಳು ಸಾಧಾರಣವೇ. 1958ರಲ್ಲಿ ಭೂವಿಜ್ಞಾನದಲ್ಲಿ ಪದವಿ ಪಡೆದು ಸೈನ್ಯ ಸೇರಿದ ಪೊವೆಲ್ ಮುಂದೆ ಅಮೆರಿಕದ ಸೇನಾ ಮುಖ್ಯಸ್ಥರ ಸಮಿತಿಯ ಅಧ್ಯಕ್ಷರಾದರು, ವಿದೇಶಾಂಗ ಸಚಿವರೂ ಆದರು. ಕರಿಯ ಜನಾಂಗದವರೊಬ್ಬರು ಆ ಎರಡೂ ಹುದ್ದೆಗೆ ಏರಿದ್ದು ಅದೇ ಮೊದಲು.

ಆದರೆ ಪೊವೆಲ್‌ರಂಥವರು ಅಲ್ಲಿ ಬೆರಳೆಣಿಕೆಯಷ್ಟೇ. ಕಾಲೇಜು ನಿಂತಿದ್ದು ಹಾರ್ಲೆಮ್‌ನಲ್ಲಿ. ಸುತ್ತಲಿನ ಬೀದಿಗಳಲ್ಲಿ ಕರಿಯ ಜನಾಂಗದವರೂ ಪೋರ್ಟೊ ರಿಕೊ ದ್ವೀಪದಿಂದ ಬಂದವರೂ ತುಂಬಿದ್ದರು. ಗೋಡೆಯ ಒಳಗೆ ನೋಡಿದರೆ ಹೆಚ್ಚಿನವರೆಲ್ಲ ಬಿಳಿಯರು. ಈ ಬಡಾವಣೆಯ ಅಮ್ಮಂದಿರೂ ತೆರಿಗೆ ಕಟ್ಟುತ್ತಿದ್ದರು, ಅವರ ಮಕ್ಕಳಿಗೆ ಮಾತ್ರ ಗುಡ್ಡದ ಮೇಲಿನ ಕಾಲೇಜು ದೂರವೇ ಉಳಿದಿತ್ತು.

1961ರಲ್ಲಿ ಸಿಟಿ, ಹಂಟರ್, ಬ್ರೂಕ್ಲಿನ್, ಕ್ವೀನ್ಸ್ ಮುಂತಾದ ನಗರದ ಕಾಲೇಜುಗಳು ಸೇರಿ ಒಂದು ವಿಶ್ವವಿದ್ಯಾಲಯವಾದವು. 1969ರ ಏಪ್ರಿಲ್‌ನಲ್ಲಿ ಸಿಟಿ ಕಾಲೇಜಿನ ಕರಿಯ ಮತ್ತು ಪೋರ್ಟೊ ರಿಕೊ ಮೂಲದ ವಿದ್ಯಾರ್ಥಿಗಳು ಆವರಣದ ಒಂದು ಭಾಗದ ಗೇಟಿಗೆ ಬೀಗ ಹಾಕಿ ಒಳಗೆ ಕುಳಿತರು. ನಗರದ ಶಾಲೆಗಳಲ್ಲಿ ಎಂಥ ಮಕ್ಕಳಿದ್ದಾರೋ ಕಾಲೇಜಿನಲ್ಲೂ ಅಂಥ ಮಕ್ಕಳೇ ಇರಬೇಕು ಎಂಬುದು ಅವರ ಬೇಡಿಕೆಗಳಲ್ಲಿ ಒಂದು. ಎರಡು ವಾರ ಕಾಲೇಜು ನಡೆಯಲಿಲ್ಲ. ಕೊನೆಗೆ ವಿಶ್ವವಿದ್ಯಾಲಯ ದೊಡ್ಡ ತೀರ್ಮಾನ ತೆಗೆದುಕೊಂಡಿತು. 1970ರಿಂದ, ನಗರದಲ್ಲಿ ಹೈಸ್ಕೂಲು ಮುಗಿಸಿದ ಪ್ರತಿಯೊಬ್ಬರಿಗೂ ತನ್ನ ಯಾವುದಾದರೊಂದು ಕಾಲೇಜಿನಲ್ಲಿ ಜಾಗ! (ಅಲ್ಲಿನ ಹೈಸ್ಕೂಲು ನಮ್ಮ ಪಿಯುಸಿವರೆಗೆ ಇರುತ್ತದೆ.) ಹಿಂದಿನ ವರ್ಷ ಸುಮಾರು 20 ಸಾವಿರ ಇದ್ದ ಹೊಸ ವಿದ್ಯಾರ್ಥಿಗಳ ಸಂಖ್ಯೆ ಸುಮಾರು 35 ಸಾವಿರಕ್ಕೆ ಏರಿತು. ಇದರಿಂದ ಕರಿಯರಿಗಷ್ಟೇ ಲಾಭವಾಗಲಿಲ್ಲ. ಇಟಲಿ, ಐರ್ಲೆಂಡ್ ಮೂಲದ ಕೂಲಿಕಾರ್ಮಿಕರ ಮಕ್ಕಳೂ ಗುಂಪುಗುಂಪಾಗಿ ಬಂದರು.

ತಪ್ಪುಗಳನ್ನು ಓದಿದ ಮೇಡಂ

ಬಾಗಿಲೇನೋ ತೆರೆಯಿತು. ಒಳಗೆ ಬಂದವರಲ್ಲಿ ಅನೇಕರಿಗೆ ನೆಟ್ಟಗೆ ಒಂದು ಪುಟ ಬರೆಯಲು ಬರುತ್ತಿರಲಿಲ್ಲ. ಗುಣಮಟ್ಟ ಹೋಯಿತು, ಕಾಲೇಜು ಹಾಳಾಯಿತು ಎಂದು ಪತ್ರಿಕೆಗಳಲ್ಲಿ ಕೂಗೆದ್ದಿತು. ಕೆಲವು ಅಧ್ಯಾಪಕರೂ ಕೈಚೆಲ್ಲಿದರು.

ಮೀನಾ ಶಾನೆಸಿ ಎಂಬ ಅಧ್ಯಾಪಕಿ ಮಾತ್ರ ಬೇರೆಯೇ ದಾರಿ ಹಿಡಿದರು. 1970ರಿಂದ 74ರವರೆಗೆ ಸಿಟಿ ಕಾಲೇಜಿಗೆ ಬಂದ ಹೊಸ ವಿದ್ಯಾರ್ಥಿಗಳ ಸುಮಾರು ನಾಲ್ಕು ಸಾವಿರ ಪ್ರಬಂಧಗಳನ್ನು ಮುಂದಿಟ್ಟುಕೊಂಡು ಕುಳಿತರು. ಕೆಂಪು ಶಾಯಿ ಬಳಿಯುವುದರ ಬದಲು ಒಂದೊಂದು ತಪ್ಪನ್ನೂ ಯಾಕೆ ಹೀಗಾಯಿತು ಎಂದು ಕೇಳಿದರು. ಅವರಿಗೆ ಕಂಡದ್ದಿಷ್ಟು: ಈ ಮಕ್ಕಳು ದಡ್ಡರೂ ಅಲ್ಲ, ಸೋಮಾರಿಗಳೂ ಅಲ್ಲ. ಬರವಣಿಗೆಗೆ ಹೊಸಬರು, ಅಷ್ಟೇ. ಅವರ ತಪ್ಪುಗಳಿಗೂ ಒಂದು ಲೆಕ್ಕವಿದೆ; ಮನೆಯ ಮಾತಿನ ನಿಯಮವನ್ನೋ ಅರ್ಧ ಕಲಿತ ನಿಯಮವನ್ನೋ ಅವರು ಪ್ರಾಮಾಣಿಕವಾಗಿ ಪಾಲಿಸುತ್ತಿದ್ದಾರೆ. ಕಾರಣ ಗೊತ್ತಾದರೆ ತಿದ್ದಬಹುದು. 1977ರಲ್ಲಿ ಇದನ್ನೆಲ್ಲ ಒಂದು ಪುಸ್ತಕವಾಗಿ ಬರೆದರು. ಬರವಣಿಗೆ ಕಲಿಸುವವರು ಇವತ್ತಿಗೂ ಅದನ್ನು ಓದುತ್ತಾರೆ.

ಮಕ್ಕಳ ನೋಟ್‌ಬುಕ್ ತೆರೆದು "ಎಷ್ಟು ಸಲ ಹೇಳೋದು ನಿನಗೆ" ಎನ್ನುವ ಮೊದಲು ನಮ್ಮ ಮನೆಗಳಲ್ಲಿ ಈ ಮೇಡಂ ಅನ್ನು ಒಮ್ಮೆ ನೆನೆದರೆ ಒಳ್ಳೆಯದು. ನಮ್ಮ ಮಕ್ಕಳೂ ಮನೆಯಲ್ಲಿ ಆಡುವ ಕನ್ನಡವೇ ಒಂದು, ಪುಸ್ತಕದ ಕನ್ನಡವೇ ಇನ್ನೊಂದು ಅಲ್ಲವೇ?

ಉಚಿತ ಮುಗಿದ ದಿನ

ಈಗ ಬೇಸರದ ಸಂಗತಿ. 1975ರಲ್ಲಿ ನ್ಯೂಯಾರ್ಕ್ ನಗರದ ಖಜಾನೆ ಬರಿದಾಯಿತು. ಸಾಲ ತೀರಿಸಲಾಗದೆ ದಿವಾಳಿಯ ಅಂಚಿಗೆ ಬಂತು. 1976ರ ಬೇಸಿಗೆಯ ಆರಂಭದಲ್ಲಿ ಸಂಬಳ ಕೊಡಲು ಹಣವಿಲ್ಲದೆ ಇಡೀ ವಿಶ್ವವಿದ್ಯಾಲಯವೇ ಸುಮಾರು ಎರಡು ವಾರ ಮುಚ್ಚಿತು. ಮತ್ತೆ ತೆರೆಯುವಾಗ ಷರತ್ತು ಬಂತು: ಇನ್ನು ಮೇಲೆ ಎಲ್ಲರೂ ಫೀಸು ಕಟ್ಟಬೇಕು. 1847ರಲ್ಲಿ ಮತ ಹಾಕಿ ತಂದುಕೊಂಡ ಉಚಿತ ಕಾಲೇಜು 129 ವರ್ಷ ಉಳಿದು ಹೀಗೆ ಮುಗಿಯಿತು. ಅನೇಕ ಅಧ್ಯಾಪಕರು ಕೆಲಸ ಕಳೆದುಕೊಂಡರು, ವಿದ್ಯಾರ್ಥಿಗಳ ಸಂಖ್ಯೆ ಇಳಿಯಿತು.

ಯುದ್ಧ ಬಂದಾಗ ಫೀಸು ಹಾಕಿರಲಿಲ್ಲ. ಮೂವತ್ತರ ದಶಕದಲ್ಲಿ ಜನ ಒಂದು ತುತ್ತಿಗೆ ಸಾಲು ನಿಂತಿದ್ದಾಗಲೂ ಹಾಕಿರಲಿಲ್ಲ. ಎಲ್ಲರಿಗೂ ಬಾಗಿಲು ತೆರೆದ ಆರೇ ವರ್ಷಕ್ಕೆ ಫೀಸು ಬಂತು ಎಂಬುದು ಆ ಊರಿನ ಅನೇಕರನ್ನು ಇವತ್ತಿಗೂ ಚುಚ್ಚುತ್ತದೆ. ಖಜಾನೆ ಖಾಲಿಯಾಗಿದ್ದು ಸುಳ್ಳಲ್ಲ. ಆದರೆ ಅದಕ್ಕೆ ಹೆಚ್ಚು ಬೆಲೆ ತೆತ್ತವರು ಆಗಷ್ಟೇ ಹೊಸ್ತಿಲು ದಾಟಿದವರು.

ಹಾಗಾದರೆ ಬಾಗಿಲು ಅಗಲ ಮಾಡಿದ್ದು ವ್ಯರ್ಥವಾಯಿತೇ? ಬೇಗ ಲೆಕ್ಕ ಹಾಕಿದವರು ಹೌದು ಎಂದರು. ಯಾಕೆಂದರೆ ಸೇರಿದವರಲ್ಲಿ ಬಹಳಷ್ಟು ಮಂದಿ ನಾಲ್ಕೈದು ವರ್ಷದಲ್ಲಿ ಪದವಿ ಮುಗಿಸಲಿಲ್ಲ. ಪಾಲ್ ಆಟ್‌ವೆಲ್ ಮತ್ತು ಡೇವಿಡ್ ಲಾವಿನ್ ಎಂಬ ಇಬ್ಬರು ಸಮಾಜವಿಜ್ಞಾನಿಗಳು ತಾಳ್ಮೆಯಿಂದ ಕಾದರು. 1970ರ ಆರಂಭದಲ್ಲಿ ಸೇರಿದ್ದ ಮಹಿಳೆಯರನ್ನು ಸುಮಾರು ಮೂವತ್ತು ವರ್ಷಗಳ ನಂತರ ಹುಡುಕಿ ಮಾತನಾಡಿಸಿದರು. ಅವರಲ್ಲಿ ನೂರಕ್ಕೆ 70ಕ್ಕೂ ಹೆಚ್ಚು ಮಂದಿ ಅಷ್ಟರಲ್ಲಿ ಯಾವುದಾದರೊಂದು ಪದವಿ ಮುಗಿಸಿದ್ದರು! ನಡುವೆ ಮದುವೆ, ಹೆರಿಗೆ, ನೌಕರಿ ಎಲ್ಲ ಬಂದಿದ್ದವು. ಓದು ನಿಂತಿತ್ತು, ಮತ್ತೆ ಶುರುವಾಗಿತ್ತು. ಅವರ ಮಕ್ಕಳೂ ಓದಿನಲ್ಲಿ ಮುಂದೆ ಬಂದಿದ್ದರು. ಇದು 2007ರಲ್ಲಿ ಪುಸ್ತಕವಾಗಿ ಬಂತು. ಅಮ್ಮ ತಡವಾಗಿ ಓದಿದರೂ ಮನೆಗೆ ಅದರ ಫಲ ಬರುತ್ತದೆ ಎಂದು ಬೇರೆ ಯಾರಾದರೂ ಹೇಳಬೇಕೇ? ಇದನ್ನು ಓದುತ್ತಿರುವ ಅಮ್ಮಂದಿರು ಯೋಚಿಸಿ.

ಬಸ್ ಪಾಸಿನ ಬೆಲೆ

ಇವತ್ತು ಕ್ಯೂನಿಗೆ ಇಪ್ಪತ್ತೈದರಷ್ಟು ಕಾಲೇಜು ಮತ್ತು ಶಾಲೆಗಳಿವೆ, ಎರಡು ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳಿದ್ದಾರೆ. ಫೀಸು ಇದೆ, ಬಡಮಕ್ಕಳಿಗೆ ಸರ್ಕಾರದ ನೆರವೂ ಇದೆ. 2007ರಲ್ಲಿ ಅಲ್ಲಿನ ಎರಡು ವರ್ಷದ ಕಾಲೇಜುಗಳಲ್ಲಿ 'ಎಎಸ್‌ಎಪಿ' ಎಂಬ ಯೋಜನೆ ಶುರುವಾಯಿತು. ಮಕ್ಕಳು ಓದನ್ನು ಅರ್ಧಕ್ಕೆ ಬಿಡುವುದು ಯಾಕೆ ಎಂದು ಹುಡುಕಿ ಹೊರಟ ಯೋಜನೆ ಅದು. ಕಾರಣಗಳು ಬಹಳ ಸಣ್ಣವು: ರೈಲು ಬಸ್ಸಿನ ಖರ್ಚು, ಪುಸ್ತಕದ ಖರ್ಚು, ನೆರವು ಕಳೆದು ಉಳಿಯುವ ಸ್ವಲ್ಪ ಫೀಸು, ಮತ್ತು ಯಾವ ವಿಷಯ ತೆಗೆದುಕೊಳ್ಳಲಿ ಎಂದು ಕೇಳಲು ಒಬ್ಬರೂ ಇಲ್ಲದಿರುವುದು. ಯೋಜನೆಯಲ್ಲಿ ಪ್ರಯಾಣದ ಪಾಸು ಕೊಟ್ಟರು, ಪುಸ್ತಕಕ್ಕೆ ನೆರವಾದರು, ಉಳಿದ ಫೀಸು ಮನ್ನಾ ಮಾಡಿದರು. ಪ್ರತಿ ವಿದ್ಯಾರ್ಥಿಯನ್ನೂ ಹೆಸರು ಹಿಡಿದು ವಿಚಾರಿಸುವ ಒಬ್ಬ ಸಲಹೆಗಾರರನ್ನು ಕೊಟ್ಟರು. ವಿದ್ಯಾರ್ಥಿಗಳು ಪೂರ್ಣಾವಧಿ ಓದಬೇಕು ಎಂಬುದು ಷರತ್ತು. ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ ಹೋಲಿಸಿ ನೋಡಿದರು. ಮೂರು ವರ್ಷದಲ್ಲಿ ಪದವಿ ಮುಗಿಸಿದವರು ಯೋಜನೆಯಲ್ಲಿದ್ದವರಲ್ಲಿ ನೂರಕ್ಕೆ 40, ಇಲ್ಲದವರಲ್ಲಿ ನೂರಕ್ಕೆ 22. ಹತ್ತಿರ ಹತ್ತಿರ ಎರಡರಷ್ಟು!

ಇದನ್ನು ಓದಿದಾಗ ನನಗೆ ಆಶ್ಚರ್ಯವಾಗಲಿಲ್ಲ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲು. ರಿಯಾಯಿತಿ ಬಸ್ ಪಾಸು ಇರದಿದ್ದರೆ ಪಿಯುಸಿ ಎರಡನೇ ವರ್ಷ ನಾನು ನೋಡುತ್ತಿರಲಿಲ್ಲ. ಕಾಲೇಜು ಎಷ್ಟು ದೊಡ್ಡದು ಎಂಬ ಮಾತು ಆಮೇಲಿನದು. ಬೆಳಗ್ಗೆ ಅಲ್ಲಿಗೆ ತಲುಪಬೇಕಲ್ಲ!

ಆದ್ದರಿಂದ ಮಗೂ, ನಿನ್ನ ಪತ್ರಕ್ಕೆ ಪೂರ್ತಿ ಉತ್ತರ ಇದು. ಫೀಸು ಕಡಿಮೆ ಇರುವ ಕಾಲೇಜಿನಿಂದ ಎತ್ತರಕ್ಕೆ ಹೋಗಲು ಆಗುತ್ತದೆ, ಹೋದವರ ಸಾಲೇ ಇದೆ. ಆದರೆ ಅವರು ಒಬ್ಬರೇ ಹೋದದ್ದಲ್ಲ. ಒಂದು ಊರು ಮತ ಹಾಕಿತ್ತು, ಐದು ಸೆಂಟಿನ ರೈಲು ಇತ್ತು, ಅಣ್ಣನೊಬ್ಬ ಗ್ರಂಥಾಲಯಕ್ಕೆ ಕರೆದೊಯ್ದಿದ್ದ, ಮೇಡಂ ಒಬ್ಬರು ತಪ್ಪುಗಳನ್ನು ಕೂತು ಓದಿದ್ದರು. ಇಂಥದ್ದು ಸಿಗದೆ ಜಾಣ ಮಕ್ಕಳೂ ಹಿಂದೆ ಉಳಿದಿದ್ದಾರೆ, ಅದು ಅವರ ತಪ್ಪಲ್ಲ.

ಅಪ್ಪ ಅಮ್ಮಂದಿರಿಗೆ ಒಂದು ಮಾತು. ಈ ತಿಂಗಳು ಕಾಲೇಜು ನೋಡಲು ಹೋದಾಗ ಕಟ್ಟಡವನ್ನೂ ಹೋರ್ಡಿಂಗಿನ ಮೇಲಿನ ರ‍್ಯಾಂಕಿನ ಫೋಟೊಗಳನ್ನೂ ನೋಡಿ, ಬೇಡವೆನ್ನುವುದಿಲ್ಲ. ಜೊತೆಗೆ ನಾಲ್ಕು ಪ್ರಶ್ನೆ ಕೇಳಿ ಬನ್ನಿ. ಸೇರಿದವರಲ್ಲಿ ಎಷ್ಟು ಮಕ್ಕಳು ಮುಗಿಸಿ ಹೊರಬರುತ್ತಾರೆ? ಗ್ರಂಥಾಲಯ ಸಂಜೆ ಎಷ್ಟು ಹೊತ್ತು ತೆರೆದಿರುತ್ತದೆ? ಮಗು ಹಿಂದೆ ಬಿದ್ದರೆ ಯಾರು ಗಮನಿಸುತ್ತಾರೆ? ಬಸ್ಸು ಬಾಗಿಲವರೆಗೂ ಬರುತ್ತದೆಯೇ?

ಮಕ್ಕಳೇ, ನಿಮಗೆ ಈ ವಾರದ ಕೆಲಸ. ನಿಮ್ಮ ಮನೆಯಲ್ಲಿ ಮೊಟ್ಟಮೊದಲು ಕಾಲೇಜಿಗೆ ಹೋದವರು ಯಾರು ಎಂದು ವಿಚಾರಿಸಿ. ಅಜ್ಜನೋ, ಸೋದರತ್ತೆಯೋ, ಚಿಕ್ಕಪ್ಪನೋ, ಅಥವಾ ಮುಂದೆ ಹೋಗಬೇಕಾದ ನೀವೇ ಮೊದಲಿಗರೋ? ಅವರಿಗೆ ಆಗ ಸಹಾಯ ಮಾಡಿದವರು ಯಾರು, ಎಷ್ಟು ದೂರ ನಡೆದರು, ಊಟಕ್ಕೆ ಏನು ಮಾಡಿದರು, ಎಲ್ಲ ಕೇಳಿ ಒಂದು ಪುಟದಲ್ಲಿ ಬರೆದು ಕಳಿಸಿ. ಬರವಣಿಗೆಯಲ್ಲಿ ತಪ್ಪಿದ್ದರೂ ಪರವಾಗಿಲ್ಲ, ನಾನು ಕೂತು ಓದುತ್ತೇನೆ.